ಜರ್ಮನಿಯಲ್ಲಿ ಸ್ವಯಂಸೇವೆಯ ವರ್ಷ: ಇಳಿದ ಮೊದಲ ವಾರಗಳಿಗೊಂದು ಕೈಪಿಡಿ

ಧಾರವಾಡದಿಂದ ಹೊರಟು ಜರ್ಮನಿಯ ಟ್ಯೂಬಿಂಗನ್ ಬಳಿಯ ಊರೊಂದರಲ್ಲಿ, ಬೌದ್ಧಿಕ ಅಂಗವೈಕಲ್ಯವುಳ್ಳ ವಯಸ್ಕರ ವಸತಿಗೃಹದಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿದ್ದೆ. ಈಗ ಹೊರಡಲಿರುವ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ವೀಸಾ ಸಿಗುವವರೆಗಿನ ದಾರಿಯನ್ನು ಅವರು ಹೇಗೋ ತಿಳಿದುಕೊಂಡಿರುತ್ತಾರೆ. ವಿಮಾನ ಇಳಿದ ಮೇಲಿನ ಮೊದಲ ವಾರಗಳ ಬಗ್ಗೆ ಮಾತ್ರ ಯಾರೂ ಬಿಡಿಸಿ ಹೇಳಿರುವುದಿಲ್ಲ. ಈ ಬರಹ ಅವರಿಗಾಗಿ.

ನಾನು ಹೋದದ್ದು ಬುಂಡೆಸ್‌ಫ್ರೈವಿಲ್ಲಿಗೆನ್‌ಡೀನ್‌ಸ್ಟ್ ಎಂಬ, ಜರ್ಮನಿಯ ಕೇಂದ್ರ ಸರ್ಕಾರದ ಸ್ವಯಂಸೇವಾ ಯೋಜನೆಯಡಿ. ಕಡ್ಡಾಯ ಸೈನಿಕ ಸೇವೆಯನ್ನು ತಡೆಹಿಡಿದ ಜರ್ಮನಿ, ಅದರ ಬದಲಿಗೆ ಯುವಕರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಸಲ್ಲಿಸುತ್ತಿದ್ದ ನಾಗರಿಕ ಸೇವೆಯೂ ನಿಂತಾಗ 2011ರ ಜುಲೈಯಲ್ಲಿ ಇದನ್ನು ಆರಂಭಿಸಿತು. ಅಷ್ಟುದ್ದದ ಹೆಸರನ್ನು ಅಲ್ಲಿಯವರೂ ಹೇಳುವುದಿಲ್ಲ. ಸ್ವಯಂಸೇವಕರನ್ನು ಪ್ರೀತಿಯಿಂದ ‘ಬುಫ್ಡಿ’ ಎನ್ನುತ್ತಾರೆ. ಸಾಮಾನ್ಯವಾಗಿ ಹನ್ನೆರಡು ತಿಂಗಳ ಸೇವೆ. ವಸತಿ, ಊಟ ಅಥವಾ ಊಟದ ಹಣ, ಕೈಖರ್ಚಿಗೆ ಒಂದಿಷ್ಟು, ಆರೋಗ್ಯ ವಿಮೆ ಇವೆಲ್ಲ ನಿಮ್ಮ ಒಪ್ಪಂದದಲ್ಲಿ ಬರೆದಿರುತ್ತವೆ. ಕೈಖರ್ಚಿನ ಹಣಕ್ಕೆ ಕಾನೂನು ಗರಿಷ್ಠ ಮಿತಿಯನ್ನಷ್ಟೇ ಹಾಕಿದೆ, ಹಾಗಾಗಿ ಸಂಸ್ಥೆಯಿಂದ ಸಂಸ್ಥೆಗೆ ಮೊತ್ತ ಬೇರೆ. ಹೊರಡುವ ಮೊದಲೇ ಆ ಒಪ್ಪಂದವನ್ನು ಸಾಲು ಸಾಲಾಗಿ ಓದಿ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು: ಕಾಗದಪತ್ರಗಳ ವಿಷಯದಲ್ಲಿ ಚುರುಕಾಗಿರಿ, ಜನರ ವಿಷಯದಲ್ಲಿ ನಿಧಾನವಾಗಿರಿ. ಬಹಳಷ್ಟು ಮಂದಿ ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಮೊದಲ ದಿನವೇ ಎಲ್ಲರ ಮನ ಗೆಲ್ಲಬೇಕೆಂದು ಓಡಾಡುತ್ತಾರೆ, ಕಚೇರಿಯ ಅರ್ಜಿ ಮಾತ್ರ ಮೇಜಿನ ಮೇಲೆ ಹಾಗೆಯೇ ಬಿದ್ದಿರುತ್ತದೆ.

ಕೈಚೀಲದಲ್ಲಿ ಇರಬೇಕಾದ್ದು

ಪಾಸ್‌ಪೋರ್ಟ್, ಒಪ್ಪಂದದ ಪ್ರತಿ, ನೀವು ಉಳಿಯುವ ವಿಳಾಸ, ಅಲ್ಲಿನ ಜವಾಬ್ದಾರರ ಫೋನ್ ಸಂಖ್ಯೆ ಇವು ಕಾಗದದ ಮೇಲೆ ಕೈಚೀಲದಲ್ಲಿರಲಿ. ಮೊಬೈಲ್ ಒಂದನ್ನೇ ನಂಬಿಕೊಳ್ಳಬೇಡಿ. ಜನ್ಮ ಪ್ರಮಾಣಪತ್ರ, ಅಂಕಪಟ್ಟಿ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರಗಳೂ ಅದರಲ್ಲೇ ಇರಲಿ.

ಇನ್ನೊಂದು ಕಾಗದವನ್ನು ನಮ್ಮವರು ಮರೆತೇಬಿಡುತ್ತಾರೆ. ಅದು ಬಾಲ್ಯದ ಲಸಿಕೆ ಕಾರ್ಡು. 2020ರ ಮಾರ್ಚ್‌ನಿಂದ ಜರ್ಮನಿಯಲ್ಲಿ ದಡಾರ ತಡೆ ಕಾನೂನು ಜಾರಿಯಲ್ಲಿದೆ. 1970ರ ನಂತರ ಹುಟ್ಟಿದವರು ಶಿಶುವಿಹಾರ, ಶಾಲೆ, ಆಸ್ಪತ್ರೆಯಂಥ ಕಡೆ ಕೆಲಸ ಮಾಡಬೇಕಾದರೆ ದಡಾರದ ಎರಡು ಡೋಸ್ ಪಡೆದ ದಾಖಲೆ ತೋರಿಸಬೇಕು, ಇಲ್ಲವೇ ರೋಗನಿರೋಧಕ ಶಕ್ತಿ ಇದೆಯೆಂದು ವೈದ್ಯರಿಂದ ಬರೆಸಬೇಕು. ಸ್ವಯಂಸೇವಕರಿಗೂ ವಿನಾಯಿತಿ ಇಲ್ಲ. ಅಮ್ಮ ಟ್ರಂಕಿನಲ್ಲಿಟ್ಟ ಹಳದಿಗಟ್ಟಿದ ಆ ಕಾರ್ಡು ಸಿಗದಿದ್ದರೆ ಊರಿನಲ್ಲೇ ವೈದ್ಯರನ್ನು ಕಂಡು ಲಸಿಕೆ ಹಾಕಿಸಿಕೊಂಡು ಇಂಗ್ಲಿಷಿನಲ್ಲಿ ಪ್ರಮಾಣಪತ್ರ ಪಡೆಯಿರಿ.

ತಿಂಡಿಯ ವಿಷಯದಲ್ಲಿ ನಿಯಮ ಕಟ್ಟುನಿಟ್ಟು. ಹೊರದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. ತುಪ್ಪದ ಡಬ್ಬಿ, ಖೋವಾದ ಸಿಹಿ ಬೇಡ. ಧಾರವಾಡದವರಿಗೆ ಪೇಡೆ ಬಿಟ್ಟು ಹೋಗುವುದು ಕಷ್ಟ, ಆದರೆ ಬಿಟ್ಟೇ ಹೋಗಿ. ಹಸಿ ಕರಿಬೇವಿನ ಸೊಪ್ಪೂ ಬೇಡ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಟಕ ರೊಟ್ಟಿ ಇವುಗಳಿಗೆ ತೊಂದರೆಯಿಲ್ಲ, ಅಲ್ಲಿನ ಮೊದಲ ತಿಂಗಳಲ್ಲಿ ಇವು ನಿಮ್ಮನ್ನು ಕಾಯುತ್ತವೆ.

ಭಾರತದ ಸಿಮ್ ಕಾರ್ಡನ್ನು ಸ್ಥಗಿತಗೊಳಿಸಬೇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತದೆ. ರೋಮಿಂಗ್ ಸೌಲಭ್ಯವನ್ನು ಊರಿನಲ್ಲೇ ಚಾಲೂ ಮಾಡಿಸಿಕೊಂಡು ಹೊರಡಿ.

ಇಳಿದ ದಿನ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ಅಲ್ಲಿಂದ ಸ್ಟುಟ್‌ಗಾರ್ಟ್‌ಗೆ ವೇಗದ ರೈಲು, ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗನ್‌ಗೆ ಪ್ರಾದೇಶಿಕ ರೈಲು ಸಿಗುತ್ತದೆ. ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ರೈಲು ಬದಲಿಸಲು ಹೆಚ್ಚು ಸಮಯ ಇಟ್ಟುಕೊಳ್ಳಿ. ಸ್ಟುಟ್‌ಗಾರ್ಟ್ ನಿಲ್ದಾಣದಲ್ಲಿ ವರ್ಷಗಳಿಂದ ಪುನರ್ನಿರ್ಮಾಣ ನಡೆದಿದ್ದು, ನಡೆಯುವ ದೂರ ಹೆಚ್ಚು.

ಶನಿವಾರ ಇಳಿಯುವವರು ಒಂದು ವಿಷಯ ನೆನಪಿಡಿ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳ ಅಂಗಡಿ, ಪೆಟ್ರೋಲ್ ಬಂಕ್, ಕೆಲವು ಬೇಕರಿ ಬಿಟ್ಟರೆ ಏನೂ ಸಿಗದು. ಅಕ್ಕಿ, ಹಾಲು, ಬ್ರೆಡ್, ಹಣ್ಣು ಶನಿವಾರವೇ ಕೊಂಡುಬಿಡಿ. ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಬಹುದು. ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಕೊಂಡರೆ ಬೆಲೆಯ ಜೊತೆ ಸಾಮಾನ್ಯವಾಗಿ 25 ಸೆಂಟ್ ಠೇವಣಿ ಹಿಡಿಯುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಆ ಚೀಟಿಯನ್ನು ಕೌಂಟರಿನಲ್ಲಿ ಕೊಡಬೇಕು.

ಮನೆಗೆ ಫೋನ್ ಮಾಡುವಾಗ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಭಾರತ ಮುಂದಿರುತ್ತದೆ. ನೀವು ಸಂಜೆಯ ಪಾಳಿ ಮುಗಿಸಿ ಬರುವ ಹೊತ್ತಿಗೆ ಅಪ್ಪ ಅಮ್ಮ ಮಲಗಿರುತ್ತಾರೆ. ಮೊದಲ ವಾರದಲ್ಲೇ ಮಾತಾಡುವ ವೇಳೆ ಗೊತ್ತು ಮಾಡಿಕೊಂಡರೆ ಅವರು ಕಾದು ಕಂಗೆಡುವುದು ತಪ್ಪುತ್ತದೆ.

ಹೆಸರು, ಅಂಚೆ ಪೆಟ್ಟಿಗೆ, ಕಚೇರಿ

ಕೋಣೆ ಸೇರಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಕೆಳಗಿನ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸುವುದು. ಇದು ಸಣ್ಣ ವಿಷಯವಲ್ಲ. ಬ್ಯಾಂಕಿನ ಕಾರ್ಡು, ಅದರ ಪಿನ್, ತೆರಿಗೆ ಸಂಖ್ಯೆ, ವಿಮೆಯ ಕಾರ್ಡು ಎಲ್ಲವೂ ಅಂಚೆಯಲ್ಲೇ ಬರುತ್ತವೆ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ಬಂದ ದಾರಿಗೇ ಮರಳುತ್ತದೆ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಂಡವರು, ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಕೊನೆಗೆ ಹಚ್ಚಿಕೊಂಡವರು, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗವನ್ನು ಖಾಲಿ ಬಿಟ್ಟವರು ಬಹಳ ಮಂದಿ. ಜರ್ಮನಿಯ ಪ್ರತಿ ಅರ್ಜಿಯೂ ಮನೆತನದ ಹೆಸರನ್ನು ಕೇಳುತ್ತದೆ. ಮೊದಲ ಕಚೇರಿಯಲ್ಲಿ ಯಾವ ಹೆಸರು ಯಾವ ಕಾಲಂಗೆ ಬಿತ್ತೋ ಅದನ್ನೇ ಬ್ಯಾಂಕು, ವಿಮೆ, ಒಪ್ಪಂದ ಎಲ್ಲದರಲ್ಲೂ ಅಕ್ಷರ ಬಿಡದೆ ಉಳಿಸಿಕೊಳ್ಳಿ.

ಆ ಮೊದಲ ಕಚೇರಿಯೆಂದರೆ ಊರಿನ ನಾಗರಿಕ ಸೇವಾ ಕಚೇರಿ. ಮನೆ ಸೇರಿದ ಎರಡು ವಾರಗಳೊಳಗೆ ಅಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ‘ಅನ್‌ಮೆಲ್ಡುಂಗ್’ ಎನ್ನುತ್ತಾರೆ. ಪಾಸ್‌ಪೋರ್ಟ್ ಮತ್ತು ಅರ್ಜಿಯ ಜೊತೆಗೆ, ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ನಿಮಗೆ ಮನೆ ಕೊಟ್ಟಿರುವುದು ಸಂಸ್ಥೆಯೇ ಆಗಿದ್ದರೆ ಅವರಿಂದಲೇ ಪಡೆಯಿರಿ, ಅದೂ ಮೊದಲ ಕೆಲಸದ ದಿನವೇ. ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ದಾಖಲಾದರೆ, ಮುಂದೆ ಅಲ್ಲೇ ಸಂಬಳದ ಕೆಲಸಕ್ಕೆ ಸೇರಿದಾಗ ಆದಾಯ ತೆರಿಗೆಯ ಜೊತೆ ಚರ್ಚ್ ತೆರಿಗೆಯೂ ಕಡಿತವಾಗುತ್ತದೆ. ನಮ್ಮ ಕರಾವಳಿಯ, ಧಾರವಾಡದ ಕ್ರೈಸ್ತ ಗೆಳೆಯರು ಇದನ್ನು ತಿಳಿದುಕೊಂಡು ಬರೆಯಲಿ.

ನೋಂದಣಿಯಾದ ಮೇಲೆ ಉಳಿದವು ಒಂದರ ಹಿಂದೊಂದು ಬರುತ್ತವೆ. ಹನ್ನೊಂದು ಅಂಕೆಗಳ ತೆರಿಗೆ ಸಂಖ್ಯೆ ಕೆಲವು ವಾರಗಳಲ್ಲಿ ಅಂಚೆಯಲ್ಲಿ ಬರುತ್ತದೆ. ಅದು ಜೀವನಪೂರ್ತಿ ನಿಮ್ಮದು, ಜೋಪಾನವಾಗಿಡಿ. ಬ್ಯಾಂಕ್ ಖಾತೆಗೆ ನೋಂದಣಿ ಪತ್ರ ಮತ್ತು ಪಾಸ್‌ಪೋರ್ಟ್ ಹಿಡಿದು ಶಾಖೆಗೇ ಹೋಗುವುದು ಒಳ್ಳೆಯದು. ಆರೋಗ್ಯ ವಿಮೆಗೆ ಸಂಸ್ಥೆಯೇ ಸೇರಿಸುತ್ತದೆ, ಆದರೆ ಯಾವ ವಿಮಾ ನಿಧಿ (ವಿಮೆ ನಡೆಸುವ ಸಂಸ್ಥೆ) ಎಂದು ಆರಿಸುವ ಹಕ್ಕು ನಿಮ್ಮದು. ಕಾರ್ಡು ಕೈಗೆ ಬರುವ ಮುನ್ನ ಜ್ವರ ಬಂದರೆ ವಿಮಾ ನಿಧಿಗೆ ಫೋನ್ ಮಾಡಿ ತಾತ್ಕಾಲಿಕ ಪ್ರಮಾಣಪತ್ರ ತರಿಸಿಕೊಳ್ಳಬಹುದು. ರಾತ್ರಿ ಅಥವಾ ವಾರಾಂತ್ಯದಲ್ಲಿ ವೈದ್ಯರು ಬೇಕಾದರೆ 116117, ಪ್ರಾಣಾಪಾಯವಿದ್ದರೆ 112, ಪೊಲೀಸರಿಗೆ 110.

ವೀಸಾ ಕೆಲವೇ ತಿಂಗಳಿನದಾಗಿದ್ದರೆ ಅದು ಮುಗಿಯುವ ಮುನ್ನ ವಿದೇಶಿಯರ ಕಚೇರಿಗೆ ವಾಸದ ಪರವಾನಗಿಗಾಗಿ ಅರ್ಜಿ ಹಾಕಬೇಕು. ಆ ಕಚೇರಿಗಳಲ್ಲಿ ಭೇಟಿಯ ದಿನಾಂಕ ಸಿಗುವುದು ತಡವಾಗುತ್ತದೆ, ಆದ್ದರಿಂದ ವಿಳಾಸ ನೋಂದಣಿಯಾದ ವಾರವೇ ಬರೆದು ಕೇಳಿ. ಅವಧಿಯೊಳಗೆ ಅರ್ಜಿ ಹಾಕಿದ್ದರೆ ನಿರ್ಧಾರವಾಗುವವರೆಗೆ ನಿಮ್ಮ ವಾಸ ಕಾನೂನುಬದ್ಧವಾಗಿಯೇ ಮುಂದುವರಿಯುತ್ತದೆ. ಅದಕ್ಕೊಂದು ಪತ್ರ ಕೊಡುತ್ತಾರೆ, ಕೇಳಿ ಪಡೆಯಿರಿ.

ಯಾವ ಸರ್ಕಾರಿ ಪತ್ರವನ್ನೂ ಅರ್ಥವಾಗಲಿಲ್ಲವೆಂದು ಪಕ್ಕಕ್ಕಿಡಬೇಡಿ. ರೇಡಿಯೊ, ಟಿವಿ ಶುಲ್ಕದ ಪತ್ರ ಬಂದೇ ಬರುತ್ತದೆ. ಅದು ತಿಂಗಳಿಗೆ 18.36 ಯೂರೋ, ಮನೆಯೊಂದಕ್ಕೆ ಒಂದೇ ಶುಲ್ಕ. ಒಂದೇ ಮನೆಯಲ್ಲಿ ನಾಲ್ವರು ಸ್ವಯಂಸೇವಕರಿದ್ದರೆ ಒಬ್ಬರು ಕಟ್ಟಿದರೆ ಸಾಕು, ಆದರೆ ಉಳಿದವರು ಅದನ್ನು ಬರೆದು ತಿಳಿಸಬೇಕು. ಓಡಾಟಕ್ಕೆ ದೇಶದಾದ್ಯಂತ ಬಸ್ಸು ಮತ್ತು ಪ್ರಾದೇಶಿಕ ರೈಲಿಗೆ ನಡೆಯುವ ಮಾಸಿಕ ಟಿಕೆಟ್ ಇದೆ. 2026ರ ಜನವರಿಯಿಂದ ಅದರ ಬೆಲೆ 63 ಯೂರೋ. ಟ್ಯೂಬಿಂಗನ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 27 ವರ್ಷದೊಳಗಿನ ಸ್ವಯಂಸೇವಕರಿಗೆ ಇದೇ ಟಿಕೆಟ್ ಕಡಿಮೆ ದರದಲ್ಲಿ ಸಿಗುತ್ತದೆ. ಪೂರ್ತಿ ದರದ ಟಿಕೆಟ್ ಕೊಳ್ಳುವ ಮೊದಲು ಇದನ್ನು ವಿಚಾರಿಸಿ.

ನೀವು ಯಾರಿಗಾಗಿ ಬಂದಿರೋ ಅವರು

ನಾನಿದ್ದ ವಸತಿಗೃಹದಲ್ಲಿ ವಯಸ್ಸಾದ ನಿವಾಸಿಯೊಬ್ಬರು ಹೊಸ ಸ್ವಯಂಸೇವಕರನ್ನು ಕಂಡ ಕೂಡಲೇ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ನೀನು ಯಾವಾಗ ಹೋಗುತ್ತೀಯ?’ ಕೇಳಿದವರಿಗೆ ಮುಖಕ್ಕೆ ಹೊಡೆದಂತಾಗುತ್ತದೆ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಮುಖವೊಂದು ಬರುತ್ತದೆ. ತಮಗೆ ಸ್ನಾನ ಮಾಡಿಸುವಷ್ಟು, ಊಟ ಮಾಡಿಸುವಷ್ಟು ಹತ್ತಿರ ಬರುತ್ತದೆ. ಮುಂದಿನ ಆಗಸ್ಟ್‌ನಲ್ಲಿ ಕೇಕ್ ಕತ್ತರಿಸಿ, ಅತ್ತು, ಹೊರಟುಹೋಗುತ್ತದೆ. ನಮಗೆ ಅದು ಬದುಕಿನಲ್ಲಿ ಒಂದೇ ವರ್ಷ, ಅವರಿಗೆ ಪ್ರತಿ ವರ್ಷ. ಆ ಪ್ರಶ್ನೆಗೆ ನೇರ ಉತ್ತರ ಕೊಡಿ. ‘ಮುಂದಿನ ವರ್ಷ ಆಗಸ್ಟ್‌ನಲ್ಲಿ’ ಎನ್ನಿ, ಗೋಡೆಯ ಕ್ಯಾಲೆಂಡರಿನಲ್ಲಿ ತೋರಿಸಿ. ‘ಮತ್ತೆ ಬರುತ್ತೇನೆ’ ಎಂದು ಮಾತು ಕೊಡಬೇಡಿ. ಅವರು ಕಾಯುತ್ತಾರೆ.

ಮೊದಲ ವಾರ ಹೆಚ್ಚು ಮಾಡಬೇಡಿ, ಹೆಚ್ಚು ನೋಡಿ. ಯಾರ ಲೋಟ ಯಾವುದು, ಯಾರು ಕಿಟಕಿಯ ಪಕ್ಕ ಕೂರುತ್ತಾರೆ, ಮಧ್ಯಾಹ್ನದ ಕಾಫಿ ಎಷ್ಟು ಹೊತ್ತಿಗೆ, ಯಾರಿಗೆ ಸದ್ದು ಆಗದು, ಯಾರು ‘ಬೇಡ’ ಎಂಬುದನ್ನು ಬಾಯಲ್ಲಿ ಹೇಳದೆ ಕೈಯಲ್ಲಿ ಹೇಳುತ್ತಾರೆ ಇವನ್ನೆಲ್ಲ ಸಣ್ಣ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಪುಸ್ತಕದಲ್ಲಿ ನಿವಾಸಿಗಳ ಪೂರ್ಣ ಹೆಸರು, ಕಾಯಿಲೆಯ ವಿವರ ಬೇಡ. ಗೋಪ್ಯತೆಯ ನಿಯಮಕ್ಕೆ ನೀವೂ ಸಹಿ ಹಾಕಿರುತ್ತೀರಿ. ಅದೇ ಕಾರಣಕ್ಕೆ ಅವರ ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಬೇಡಿ. ಅಮ್ಮ ಎಷ್ಟೇ ಕೇಳಿದರೂ ಬೇಡ.

ಕೋಣೆಯ ಬಾಗಿಲು ತಟ್ಟಿ, ಉತ್ತರ ಬರುವವರೆಗೆ ಕಾಯಿರಿ. ಅದು ಅವರ ಮನೆ. ಗಾಲಿಕುರ್ಚಿಯನ್ನು ತಳ್ಳುವ ಮುನ್ನ ಕೂತವರನ್ನು ಕೇಳಿ, ನಿಲ್ಲಿಸಿದ ಮೇಲೆ ಬ್ರೇಕ್ ಹಾಕಿ. ಅವರ ಬಗ್ಗೆ ಅವರ ತಲೆಯ ಮೇಲಿಂದ ಇನ್ನೊಬ್ಬರ ಜೊತೆ ಮಾತಾಡಬೇಡಿ. ನಿವಾಸಿಗಳನ್ನು ಎತ್ತುವ ಯಂತ್ರವನ್ನು ಯಾರಾದರೂ ಕಲಿಸಿದ ಮೇಲೆ ಮಾತ್ರ ಬಳಸಿ. ಕಲಿಸುವ ಮುನ್ನ ಬೆನ್ನು ಕೊಟ್ಟು ಎತ್ತಲು ಹೋದರೆ ಇಬ್ಬರಿಗೂ ಪೆಟ್ಟು. ಔಷಧ ಕೊಡುವುದು ತರಬೇತಿ ಪಡೆದ ಸಿಬ್ಬಂದಿಯ ಹೊಣೆ, ಅವಸರದಲ್ಲಿ ಯಾರಾದರೂ ಹೇಳಿದರೂ ‘ನನಗೆ ಕಲಿಸಿಲ್ಲ’ ಎಂದು ಹೇಳಿ. ಹಾಗೆ ಹೇಳುವುದನ್ನು ಅಲ್ಲಿ ಯಾರೂ ಉದ್ಧಟತನವೆಂದು ಭಾವಿಸುವುದಿಲ್ಲ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತು: ಊರಿನಿಂದ ತಂದ ತಿಂಡಿಯನ್ನು ಪ್ರೀತಿಯಿಂದ ಎಲ್ಲರ ಬಾಯಿಗೂ ಇಡಬೇಡಿ. ಕೆಲವು ನಿವಾಸಿಗಳಿಗೆ ನುಂಗುವ ತೊಂದರೆ ಇರುತ್ತದೆ. ಅವರು ಕುಡಿಯುವ ನೀರನ್ನೂ ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡುತ್ತಾರೆ. ಶೇಂಗಾ ಅಲರ್ಜಿ ಇರುವವರೂ ಇರುತ್ತಾರೆ. ಮೊದಲು ಸಿಬ್ಬಂದಿಯನ್ನು ಕೇಳಿ, ಆಮೇಲೆ ಹಂಚಿ.

ಪಾಳಿ ಬದಲಾಗುವಾಗ ಹಿಂದಿನವರು ಮುಂದಿನವರಿಗೆ ಆ ದಿನದ ವಿವರ ಹೇಳುವ ಸಭೆ ನಡೆಯುತ್ತದೆ. ಮೊದಲ ವಾರಗಳಲ್ಲಿ ಅರ್ಧ ಅರ್ಥವಾದರೆ ಹೆಚ್ಚು. ಆದರೂ ತಪ್ಪಿಸಬೇಡಿ, ಏಕೆಂದರೆ ಕೆಲಸದ ಮಾತುಗಳೆಲ್ಲ ಅಲ್ಲೇ ಕಿವಿಗೆ ಬೀಳುತ್ತವೆ. ಟ್ಯೂಬಿಂಗನ್ ಸುತ್ತಲಿನವರು ಆಡುವುದು ಶ್ವಾಬಿಷ್ ಉಪಭಾಷೆ. ಬೆಂಗಳೂರಿನ ಜರ್ಮನ್ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದವರಿಗೂ ಅದು ಹಿಡಿಯಲು ತಿಂಗಳುಗಳು ಬೇಕು. ‘ನಿಧಾನವಾಗಿ ಹೇಳಿ’ ಎಂದು ಕೇಳಲು ಸಂಕೋಚ ಬೇಡ.

ಆ ನಾಡಿಗೂ ನಮ್ಮ ಭಾಷೆಗೂ ಹಳೆಯ ನಂಟಿದೆ. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ಕಣ್ಮುಚ್ಚಿದ್ದು ಅದೇ ಊರಿನಲ್ಲಿ, 1903ರಲ್ಲಿ. ಕಿಟೆಲ್ ಹೆಸರಿನ ಕಾಲೇಜು ಇರುವ ಊರಿನವಳಾದ ನಾನು ಮೊದಲ ಬಿಡುವಿನ ದಿನ ನೆಕಾರ್ ನದಿಯ ಸೇತುವೆ ದಾಟಿ ಆ ಹಳೆಯ ಬೀದಿಗಳಲ್ಲಿ ಇದನ್ನೇ ನೆನೆಯುತ್ತ ಅಲೆದೆ. ಅಪರಿಚಿತ ಊರಿನಲ್ಲಿ ಕಾಲು ಗಟ್ಟಿಯಾಗಲು ಇಂಥ ನಂಟು ನೆರವಾಗುತ್ತದೆ. ನೀವು ಹೋಗುವ ಊರಿನಲ್ಲೂ ಹುಡುಕಿ ನೋಡಿ.

ಮೆಟ್ಟಿಲು, ಕಸ, ಊಟ

ಟ್ಯೂಬಿಂಗನ್ ಇರುವ ಶ್ವಾಬಿಯಾ ಪ್ರದೇಶದ ಮನೆಗಳಲ್ಲಿ ‘ಕೇರ್‌ವೊಖೆ’ ಎಂಬ ಪದ್ಧತಿ ಇದೆ. ಮನೆ ಮನೆಗೂ ಸರದಿಯ ಮೇಲೆ ಒಂದು ವಾರ ಮೆಟ್ಟಿಲು, ನೆಲಮಾಳಿಗೆಯ ದಾರಿ, ಕೆಲವೆಡೆ ಎದುರಿನ ಕಾಲುದಾರಿಯನ್ನೂ ಗುಡಿಸಿ ಒರೆಸುವ ಹೊಣೆ. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ನಿಮ್ಮ ಬಾಗಿಲಿಗೆ ಅದು ಬಂದಾಗ, ಮೆಟ್ಟಿಲು ನಿಮ್ಮ ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಒರೆಸಿ, ಮುಗಿಸಿ ಫಲಕವನ್ನು ಮುಂದಿನ ಮನೆಗೆ ದಾಟಿಸಿ. ಬೆಳಗಾದರೆ ಅಂಗಳ ಸಾರಿಸಿ ರಂಗೋಲಿ ಹಾಕುವ ಮನೆಗಳಿಂದ ಬಂದ ನಮಗೆ ಇದು ಕಷ್ಟವೇನಲ್ಲ. ನಮ್ಮ ಮಹಡಿಯ ಅಜ್ಜಿಯೊಬ್ಬರು ನನ್ನೊಂದಿಗೆ ಮೊದಲು ಮಾತಾಡಿದ್ದೇ ನಾನು ಬಕೆಟ್ ಹಿಡಿದು ಮೆಟ್ಟಿಲಲ್ಲಿದ್ದಾಗ.

ಕಸವನ್ನು ಕಾಗದ, ಹಸಿ ಕಸ, ಪ್ಯಾಕಿಂಗ್ ವಸ್ತು, ಉಳಿದದ್ದು ಎಂದು ಬೇರ್ಪಡಿಸಬೇಕು. ಗಾಜಿಗೆ ಬೀದಿಯಲ್ಲಿ ಬೇರೆ ತೊಟ್ಟಿ, ಅದೂ ಬಣ್ಣದ ಪ್ರಕಾರ. ಭಾನುವಾರ ಮತ್ತು ರಾತ್ರಿ ಅದರಲ್ಲಿ ಹಾಕಬಾರದು, ಸದ್ದಾಗುತ್ತದೆ. ಟ್ಯೂಬಿಂಗನ್ ನಗರದಲ್ಲಿ 2022ರಿಂದ ಬಳಸಿ ಬಿಸಾಡುವ ಕಪ್ಪು, ಡಬ್ಬಿಗಳ ಮೇಲೆ ತೆರಿಗೆ ಇದೆ, ಹಾಗಾಗಿ ಚೀಲದಲ್ಲೊಂದು ಸ್ಟೀಲಿನ ಲೋಟ ಇಟ್ಟುಕೊಳ್ಳಿ.

ಊಟದಲ್ಲಿ ಮಧ್ಯಾಹ್ನದ್ದೇ ಬಿಸಿ. ರಾತ್ರಿ ಬ್ರೆಡ್, ಚೀಸ್, ತಣ್ಣನೆಯ ತರಕಾರಿ. ಮೊದಲ ರಾತ್ರಿಗಳಲ್ಲಿ ಹೊಟ್ಟೆ ತುಂಬಿದರೂ ಊಟವಾದಂತೆ ಅನಿಸುವುದಿಲ್ಲ. ಕೋಣೆಗೆ ಬಂದು ಒಂದು ಹಿಡಿ ಅನ್ನ ಬೇಯಿಸಿ ಚಟ್ನಿಪುಡಿ ಕಲಸಿ ಉಂಡರೆ ತಪ್ಪೇನಿಲ್ಲ. ಸಸ್ಯಾಹಾರಿಗಳು ‘ನಾನು ಸಸ್ಯಾಹಾರಿ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಅಲ್ಲಿ ಆ ಮಾತಿನಲ್ಲಿ ಮೊಟ್ಟೆ ಸೇರಿದೆ. ಸೂಪಿಗೆ ಮಾಂಸದ ಸಾರು ಹಾಕಿರಬಹುದು, ಸಿಹಿಮಿಠಾಯಿಯಲ್ಲಿ ಪ್ರಾಣಿಜನ್ಯವಾದ ಜೆಲಾಟಿನ್ ಇರಬಹುದು. ಅಲ್ಲಿನ ಹೆಸರುವಾಸಿ ಮೌಲ್‌ಟಾಶೆನ್ ಕಡುಬಿನಲ್ಲಿ ಸಾಂಪ್ರದಾಯಿಕವಾಗಿ ಮಾಂಸವಿರುತ್ತದೆ, ತರಕಾರಿಯದ್ದೂ ಸಿಗುತ್ತದೆ. ತಿನ್ನದ ಪದಾರ್ಥಗಳ ಪಟ್ಟಿಯನ್ನು ಜರ್ಮನ್‌ನಲ್ಲಿ ಬರೆದು ಅಡುಗೆಯವರಿಗೆ ಕೊಡಿ.

ಸರಿಬರದಿದ್ದರೆ

ಕಾನೂನಿನ ಪ್ರಕಾರ ಸ್ವಯಂಸೇವಕರು ನೆರವಿನ ಕೈಗಳು, ಸಂಬಳದ ಸಿಬ್ಬಂದಿಯ ಜಾಗ ತುಂಬುವವರಲ್ಲ. 27 ವರ್ಷದೊಳಗಿನವರಿಗೆ ಹನ್ನೆರಡು ತಿಂಗಳ ಸೇವೆಯಲ್ಲಿ 25 ದಿನ ಸೆಮಿನಾರ್ ಕಡ್ಡಾಯ, ಅದನ್ನು ಕೆಲಸದ ಸಮಯವೆಂದೇ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಮಾರ್ಗದರ್ಶನಕ್ಕೆ ಸಂಸ್ಥೆಯಲ್ಲಿ ಒಬ್ಬರನ್ನು ನೇಮಿಸಿರುತ್ತಾರೆ. ಪಾಳಿಗಳ ಗಂಟೆ, ಬಿಡುವು, ನಿಮ್ಮೊಬ್ಬರ ಮೇಲೆ ಬಿದ್ದ ಭಾರ ಇವೆಲ್ಲವನ್ನೂ ದಿನಾಂಕದ ಜೊತೆ ಬರೆದಿಟ್ಟುಕೊಂಡು ಮೊದಲು ಅವರೊಂದಿಗೆ ಮಾತಾಡಿ. ಅಲ್ಲಿ ಬಗೆಹರಿಯದಿದ್ದರೆ ನಿಮ್ಮನ್ನು ಕಳಿಸಿ ಸೆಮಿನಾರ್ ನಡೆಸುವ ಸಂಸ್ಥೆಗೆ ಬರೆಯಿರಿ. ಸಾಮಾನ್ಯವಾಗಿ ಮೊದಲ ಆರು ವಾರ ಪರೀಕ್ಷಾರ್ಥ ಅವಧಿ. ಹೊಂದಿಕೆಯಾಗದಿದ್ದರೆ ಜಾಗ ಬದಲಿಸುವ ಮಾತನ್ನು ಆಗಲೇ ಎತ್ತುವುದು ಸುಲಭ. ಆದರೆ ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಡಬೇಡಿ. ನಿಮ್ಮ ವಾಸದ ಪರವಾನಗಿ ಈ ಸೇವೆಗೆ ಅಂಟಿಕೊಂಡಿರುತ್ತದೆ. ಹೊಸ ಜಾಗ ಗೊತ್ತಾಗಿ, ವಿದೇಶಿಯರ ಕಚೇರಿಯ ಒಪ್ಪಿಗೆ ಸಿಕ್ಕ ಮೇಲಷ್ಟೇ ಹಳೆಯ ಒಪ್ಪಂದವನ್ನು ಮುಗಿಸಿ.